ಕಲ್ಲೇಶಪ್ಪನವರ ಬಾಯಿಂದಲೇ

ಹರಿಹರದ ಕ್ಷಯರೋಗ ವಿಭಾಗದಿಂದ ಬಂದಿದ್ದ ವೀರೇಶ್ ಕಾರ್ಡಿನ ಮೇಲಿನ ಹೆಸರು ಓದಿದಾಗ ಉಚ್ಚಂಗಮ್ಮ ಕೈಲಿದ್ದ ಚಹಾದ ಲೋಟವನ್ನು ನೆಲಕ್ಕಿಟ್ಟಳು.

“ಇನ್ನೊಂದ್ಸಲ ಹೇಳ್ರಿ ಸರ್.”

“ಕಲ್ಲೇಶಪ್ಪ. ದಾವಣಗೆರೆ ಎಸ್.ಎಸ್. ಬಡಾವಣೆಯೋರು, ಗೊಬ್ಬರದ ಅಂಗಡಿ ಐತಲ್ಲ, ಅವ್ರೇ. ಕಫದಾಗೆ ಟಿ.ಬಿ. ಸಿಕ್ಕೈತೆ. ಅಲ್ಲಿ ಮೊಮ್ಮಗಳಿಗೆ ಸಂಬಂಧ ಕೂಡಿ ಬಂದೈತೆ, ಬೀಗರಿಗೆ ಗೊತ್ತಾದ್ರೆ ಕಷ್ಟ ಅಂತ ನಿಮ್ಮೂರ ಹಳೇ ಮನೆಗೆ ಬಂದವ್ರೆ. ಆರು ತಿಂಗ್ಳು ನೀನು ಎದುರಿಗೆ ನಿಂತು ಮಾತ್ರೆ ನುಂಗಿಸ್ಬೇಕಮ್ಮ. ಯಾರಿಗೂ ಹೇಳ್ಬ್ಯಾಡ್ರಿ ಅಂತ ಕೈ ಮುಗಿದು ಕೇಳ್ಕಂಡ್ರು.”

“ಕೈ ಮುಗಿದ್ರಾ?”

“ಹೂಂ, ಪಾಪ.”

ಉಚ್ಚಂಗಮ್ಮ ಕಾರ್ಡು ಇಸಿದುಕೊಂಡಳು. ಆ ಕೈಗಳು ಮುಗಿಯುವುದನ್ನೂ ಬಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅವು ಮಾಡಿದ ಇನ್ನೊಂದು ಕೆಲಸ.

ಅದು ಕೊರೊನಾ ಬಂದ ಮೊದಲ ವರ್ಷದ ಜುಲೈ. ಕೊಕ್ಕನೂರಿಗೆ ಅವಳೇ ಆಶಾ ಕಾರ್ಯಕರ್ತೆ. ಪರವೂರಿನಿಂದ ಬಂದವರ ಮನೆ ಬಾಗಿಲಿಗೆ ಚೀಟಿ ಅಂಟಿಸುವುದು, ಜ್ವರ ನೋಡುವುದು, ಬರೆದುಕೊಳ್ಳುವುದು ಅವಳ ಕೆಲಸ. ಆಸ್ಪತ್ರೆಯಿಂದ ಕೊಟ್ಟದ್ದು ಒಂದು ಎನ್-95 ಮಾಸ್ಕು, ಒಂದು ಸ್ಯಾನಿಟೈಸರ್ ಬಾಟಲಿ. ಆ ಒಂದೇ ಮಾಸ್ಕನ್ನು ಹನ್ನೆರಡು ದಿನ ಒಗೆದು ತಂತಿಗೆ ಹಾಕಿ ಒಣಗಿಸಿಕೊಂಡಿದ್ದಳು. ಸಡಿಲವಾದ ಎಲಾಸ್ಟಿಕ್ಕಿಗೆ ಗಂಡ ಗುತ್ತೆಪ್ಪನೇ ಗಂಟು ಹಾಕಿಕೊಟ್ಟಿದ್ದ. “ಇದ್ನ ಬಿಚ್ಚಬ್ಯಾಡ ಮತ್ತೆ” ಎಂದು ದಿನಾ ಹೇಳಿ ಟ್ರ್ಯಾಕ್ಟರ್ ಹತ್ತುತ್ತಿದ್ದ.

ದಾವಣಗೆರೆಯಲ್ಲಿ ತಮ್ಮ ಬೀದಿ ಸೀಲ್‌ಡೌನ್ ಆಗುವ ಹಿಂದಿನ ದಿನ ಕಲ್ಲೇಶಪ್ಪ ಹೆಂಡತಿಯೊಂದಿಗೆ ಕಾರು ತುಂಬ ಸಾಮಾನು ಹೇರಿಕೊಂಡು ಊರ ಮನೆಗೆ ಬಂದರು. ಚೀಟಿ ಅಂಟಿಸಲು ಹೋದ ಉಚ್ಚಂಗಮ್ಮನನ್ನು ಪಡಸಾಲೆಗೆ ಕರೆದರು. ಕಣ್ಣು ಕೆಂಪಾಗಿದ್ದವು, ಮಾತಿಗೊಮ್ಮೆ ಕೆಮ್ಮು. “ಜ್ವರ ಐತೇನ್ರಿ ಸಾವ್ಕಾರ್ರೆ?” ಎಂದು ಕೇಳಿದ್ದೇ ತಪ್ಪಾಯಿತು. “ನನ್ನ ಮನೆ ಬಾಗಿಲಿಗೆ ಚೀಟಿ ಅಂಟಿಸ್ತೀಯಾ? ಯಾರ ಮನೆ ಸೊಸಿ ನೀನು? ಮುಖ ತೋರ್ಸಿ ಮಾತಾಡು” ಎಂದವರೇ ಕೈ ನೀಡಿ ಮಾಸ್ಕು ಹಿಡಿದು ಕಿತ್ತರು. ಗಂಟು ಹಾಕಿದ್ದ ಎಲಾಸ್ಟಿಕ್ಕು ಕಿವಿಯ ಹಿಂದೆ ಚರ್ಮ ತರಚಿಕೊಂಡು ಹರಿಯಿತು. ನಗುತ್ತಲೇ ಕೆಮ್ಮಿದರು. ಅವರ ಬಾಯಿಂದ ಹಾರಿದ ಹನಿ ಅವಳ ಕೆನ್ನೆಗೆ ತಾಗಿತು.

ಮೂರನೇ ದಿನ ಅವರನ್ನು ಆಂಬುಲೆನ್ಸು ಒಯ್ದಿತು. ಐದನೇ ದಿನ ಉಚ್ಚಂಗಮ್ಮನಿಗೆ ಮೈ ಬಿಸಿಯಾಯಿತು. ಎಂಟನೇ ದಿನ ಗುತ್ತೆಪ್ಪ ಮಲಗಿದ. ಅವಳನ್ನು ಹರಿಹರದ ಹಾಸ್ಟೆಲಿನ ಕೋವಿಡ್ ಕೇಂದ್ರದಲ್ಲಿ ಇಟ್ಟಿದ್ದರು, ಅವನನ್ನು ದಾವಣಗೆರೆಗೆ ಒಯ್ದರು. ಅವಳು ಗುಣವಾದಳು, ಅವನು ಉಳಿಯಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉದ್ದನೆಯ ಗಂಟನ್ನು ಗುಂಡಿಗೆ ಇಳಿಸುವುದನ್ನು ಅವಳು ಮೊಬೈಲಿನಲ್ಲಿ ನೋಡಿದಳು.

ಅಷ್ಟಕ್ಕೇ ಮುಗಿದಿದ್ದರೆ ಹಣೆಬರಹ ಅಂದುಕೊಳ್ಳುತ್ತಿದ್ದಳೇನೋ. ಗುಣವಾಗಿ ಬಂದ ಕಲ್ಲೇಶಪ್ಪ ಊರ ಕಟ್ಟೆಯ ಮೇಲೆ ಕೂತು, “ನಾನು ಗುಂಡುಕಲ್ಲಿನಂಗಿದ್ದೆ. ಮನೆಮನೆ ತಿರುಗೋ ಆಶಾ ಬಂದು ಹೋದ್ಲು ನೋಡು, ಮೂರೇ ದಿನಕ್ಕೆ ಮಲಗ್ದೆ. ಊರಿಗೆಲ್ಲ ಅವ್ಳೇ ಹಂಚಿದ್ದು” ಎಂದರು. ಸಾವ್ಕಾರರು ಅಂದ ಮೇಲೆ ಊರು ತಲೆದೂಗಿತು. ಅವಳು ನಲ್ಲಿಗೆ ಹೋದರೆ ಎದುರು ಮನೆಯ ದ್ಯಾಮವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಗಿರಣಿಯವನು ಅವಳ ಜೋಳ ಬೀಸಲಿಲ್ಲ. “ಗಂಡನ್ನ ನುಂಗಿದ ಆಶಾ” ಎಂಬ ಮಾತು ಅವಳ ಬೆನ್ನ ಹಿಂದೆ ವರ್ಷಗಟ್ಟಲೆ ನಡೆದು ಬಂತು. ಅವಳು ಹಲ್ಲು ಕಚ್ಚಿಕೊಂಡು ಅದೇ ಊರಿನ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದಳು, ಅದೇ ಕೂಸುಗಳಿಗೆ ಪೋಲಿಯೋ ಹನಿ ಹಾಕಿದಳು.

ಈಗ ಕಾರ್ಡು ಅವಳ ಕೈಗೆ ಬಂದಿತ್ತು.

ಮರುದಿನ ಕಲ್ಲೇಶಪ್ಪನವರ ಆಳು ಬಂದು, ಮಾತ್ರೆ ಮನೆಗೇ ತರಬೇಕಂತೆ ಎಂದ. “ಅವ್ರ ಮೆಟ್ಲು ನಾನು ಆಗ್ಲೇ ಒಂದ್ಸಲ ಹತ್ತೀನಿ, ಸಾಕು. ಬೆಳಿಗ್ಗೆ ಏಳಕ್ಕೆ ಅವ್ರೇ ಬರ್ಲಿ” ಎಂದು ಹೇಳಿ ಕಳಿಸಿದಳು.

ಬಂದರು. ಅರ್ಧ ಸವೆದಿದ್ದರು, ಅಂಗಿ ಹೆಗಲಿನಿಂದ ಜೋಲುತ್ತಿತ್ತು. ಉಚ್ಚಂಗಮ್ಮ ತಾನು ಮಾಸ್ಕು ಹಾಕಿಕೊಂಡು, ಹೊಸದೊಂದನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು.

“ಹಾಕ್ಕಳ್ರಿ. ಮೂಗು ಮುಚ್ಚಂಗೆ.”

“ಉಸಿರು ಕಟ್ತೈತೆ ಕಣೆ.”

“ಕಟ್ಲಿ.”

ಅಂಗಳದಲ್ಲಿ ನಿಲ್ಲಿಸಿಯೇ ಮಾತ್ರೆ ಕೊಟ್ಟಳು. “ನುಂಗ್ರಿ. ಬಾಯಿ ತೆರೀರಿ. ನಾಲಿಗಿ ಎತ್ರಿ.” ಅರವತ್ತೆಂಟು ವರ್ಷದ ಸಾವ್ಕಾರರು ಶಾಲೆಯ ಹುಡುಗನಂತೆ ನಾಲಿಗೆ ಎತ್ತಿ ತೋರಿಸಿದರು. ಉಚ್ಚಂಗಮ್ಮನಿಗೆ ಎದೆಯೊಳಗೆ ಬಹಳ ದಿನದಿಂದ ಬಿಗಿದಿದ್ದೇನೋ ಸಡಿಲಾದಂತಾಯಿತು. ಆ ಸುಖ ಅವಳಿಗೆ ನಾಚಿಕೆ ತರಲಿಲ್ಲ. ಹಾಗೆ ನಾಲಿಗೆ ಎತ್ತಿಸುವ ಅಗತ್ಯ ಎಷ್ಟೋ ದಿನ ಇರಲಿಲ್ಲ. ಆದರೂ ಒಂದು ದಿನವೂ ಬಿಡಲಿಲ್ಲ. ಕಟ್ಟೆಯ ಮೇಲಿನವರು “ದಿನಾ ಆ ಕಡಿಗೆ ಯಾಕ ಸಾವ್ಕಾರ್ರೆ?” ಎಂದರೆ “ಸಕ್ಕರೆ ಕಾಯಿಲೆ ಮಾತ್ರೆ” ಎಂದು ತಲೆ ತಗ್ಗಿಸಿ ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೂರನೇ ತಿಂಗಳು ಸಾವ್ಕಾರರ ಮೊಮ್ಮಗಳು ರಶ್ಮಿತಾಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಕಲ್ಲೇಶಪ್ಪ ಹೇಳದೆ ಕೇಳದೆ ದಾವಣಗೆರೆಗೆ ಹೋದರು. ಮಾತ್ರೆಯ ಪಟ್ಟಿ ಉಚ್ಚಂಗಮ್ಮನ ಬಳಿಯೇ ಉಳಿಯಿತು. ಎರಡು ದಿನ ತಪ್ಪಿದ ಮೇಲೆ ವೀರೇಶ್‌ಗೆ ಫೋನು ಮಾಡಿದಳು. “ಹೋಗಿ ಕೊಟ್ಟು ಬಾರಮ್ಮ, ಈಗ ಬಿಟ್ರೆ ಕೆಟ್ಟುಹೋಗ್ತೈತೆ” ಎಂದ.

ಅವಳು ಬೇಕೆಂದೇ ಆಶಾ ಸೀರೆ ಉಟ್ಟಳು, ಗುಲಾಬಿ ಬಣ್ಣದ್ದು. ಹರಿಹರದಲ್ಲಿ ಬಸ್ಸು ಬದಲಿಸಿ, ನಿಜಲಿಂಗಪ್ಪ ಬಡಾವಣೆಯ ಕಲ್ಯಾಣ ಮಂಟಪ ಮುಟ್ಟುವ ಹೊತ್ತಿಗೆ ಉಂಗುರ ತೊಡಿಸುವುದು ಮುಗಿದು ಮೊದಲ ಪಂಕ್ತಿ ಕೂತಿತ್ತು. ರೇಷ್ಮೆ ಸೀರೆಗಳ ನಡುವೆ ಆ ಗುಲಾಬಿ ಸೀರೆಯನ್ನು ಮೊದಲು ಕಂಡದ್ದು ಕಲ್ಲೇಶಪ್ಪನವರ ಹೆಂಡತಿ ಉಮಾಮಹೇಶ್ವರಿ. ಓಡಿಬಂದಂತೆ ಬಂದು ತೋಳು ಹಿಡಿದರು.

“ಇಲ್ಲಿಗ್ಯಾಕ ಬಂದೆ ಮಾರಾಯ್ತಿ?”

“ಸಾವ್ಕಾರ್ರು ಎರಡು ದಿನ ಮಾತ್ರೆ ತಗಂಡಿಲ್ರಿ ಅಮ್ಮಾರೆ.”

ಅಡುಗೆ ಸಾಮಾನಿಟ್ಟಿದ್ದ ಕೋಣೆಗೆ ಅವಳನ್ನು ತಳ್ಳಿ ಗಂಡನನ್ನು ಕರೆತಂದರು. ಜರಿ ಪೇಟದ ಕಲ್ಲೇಶಪ್ಪ ಬಾಳೆಎಲೆಯ ಕಟ್ಟುಗಳ ನಡುವೆ ನಿಂತು, ಯಾರೂ ಹೇಳದೆಯೇ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿದರು.

“ಆಯ್ತಲ್ಲ? ಹೋಗು. ಊಟ ಕಟ್ಟಿಸ್ಕೊಡ್ತಾರೆ.”

“ಊಟ ಕಟ್ಟಿಸ್ಕಂಡು ಹೋಗಾಕೆ ಬಂದಿಲ್ರಿ. ನಮ್ಮೂರೋರು ಕೂತವ್ರಲ್ಲ, ಅದೇ ಪಂಕ್ತ್ಯಾಗೆ ಕೂಡ್ತೀನಿ.”

“ಬ್ಯಾಡ. ಬೀಗರು ಕೇಳ್ತಾರೆ, ಆಶಾ ಯಾಕ ಬಂದ್ಲು ಅಂತ.”

“ಕೇಳ್ಲಿ. ನಿಮ್ಮ ಕಾಯಿಲೆ ನನ್ನ ಬಾಯಿಂದ ಬರಾಕಿಲ್ಲ. ಅದು ನನ್ನ ಕೆಲಸದ ಮರ್ಯಾದೆ. ಆದ್ರೆ ನಾನು ಸುಮ್ನೆ ಕೂತಿರ್ತೀನಿ. ಸುಳ್ಳೂ ಹೇಳಾಕಿಲ್ಲ.”

ಕಲ್ಲೇಶಪ್ಪನವರ ಹಣೆಯಲ್ಲಿ ಬೆವರೊಡೆಯಿತು. “ನಿಂಗೇನು ಬೇಕು ಹೇಳು ಉಚ್ಚಂಗಿ.”

“ನಮ್ಮೂರೋರ ಮುಂದೆ ಹೋಗಿ ಹೇಳ್ರಿ. ಕೊರೊನಾ ಯಾರು ತಂದಿದ್ದು. ನನ್ನ ಮಾಸ್ಕು ಯಾರು ಕಿತ್ತಿದ್ದು.”

“ಅದು ಹಳೇ ಮಾತಲ್ಲೇನೆ? ಇಂಥಾ ಶುಭ ದಿನ...”

“ನನ್ನ ಗಂಡ ಸತ್ತ ದಿನ ಶುಭ ಇತ್ತಾ ಅಶುಭ ಇತ್ತಾ, ನೀವೇನು ಪಂಚಾಂಗ ನೋಡಿದ್ರಾ?”

ಉಮಾಮಹೇಶ್ವರಿ ಗಂಡನ ಮುಖ ನೋಡಿದರು. “ಹೋಗಿ ಹೇಳ್ರಿ” ಎಂದರು ಮೆಲ್ಲಗೆ. “ಅವತ್ತು ನಾನು ಒಳಗಿದ್ದೆ. ನೋಡೀನಿ.”

ಕೊಕ್ಕನೂರಿನವರು ಟೆಂಪೊ ಮಾಡಿಕೊಂಡು ಬಂದಿದ್ದರು, ಇಪ್ಪತ್ತು ಮಂದಿ ಸಾಲಾಗಿ ಕೂತಿದ್ದರು. ಹೋಳಿಗೆಗೆ ತುಪ್ಪ ಬಿದ್ದಿತ್ತು. ಕಲ್ಲೇಶಪ್ಪ ಎಲೆಗಳ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಏನೋ ಗೊಣಗಿದರು.

“ಕೇಳಿಸ್ಲಿಲ್ರಿ” ಎಂದಳು ಉಚ್ಚಂಗಮ್ಮ ಹಿಂದಿನಿಂದ.

“ಕೊರೊನಾದಾಗೆ...” ಅವರ ದನಿ ಏರಿತು, ಆಚೆ ಸಾಲಿನ ಬೀಗರೂ ತಿರುಗಿದರು. “ಜ್ವರ ಇಟ್ಕಂಡು ಊರಿಗೆ ಬಂದಿದ್ದು ನಾನು. ಇವಳ ಮಾಸ್ಕು ಕಿತ್ತಿದ್ದೂ ನಾನೇ. ನನ್ನಿಂದ್ಲೇ ಇವಳಿಗೆ, ಇವಳಿಂದ ಗುತ್ತೆಪ್ಪಗೆ. ಇವಳು ಊರಿಗೆ ತರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ.”

ತುತ್ತೆತ್ತಿದ ಕೈಗಳು ನಿಂತವು. ಬೀಗರಲ್ಲಿ ಒಬ್ಬರು “ಏನಂತೆ?” ಎಂದು ಪಕ್ಕದವರನ್ನು ಕೇಳಿದರು. ಕಲ್ಲೇಶಪ್ಪ ಯಾರ ಮುಖವನ್ನೂ ನೋಡದೆ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಉಚ್ಚಂಗಮ್ಮ ಖಾಲಿಯಿದ್ದ ಎಲೆಯ ಮುಂದೆ ಕೂತು, ಎರಡು ಹೋಳಿಗೆ ಹಾಕಿಸಿಕೊಂಡು, ಎಲ್ಲರೂ ನೋಡುವಂತೆ ನಿಧಾನವಾಗಿ ಉಂಡಳು.

ಊರವರು ಅವಳನ್ನು ಟೆಂಪೊ ಹತ್ತಿಸಿಕೊಂಡರು. ಕಿಟಕಿಯ ಸೀಟು ಬಿಟ್ಟುಕೊಟ್ಟರು. ದಾವಣಗೆರೆ ದಾಟುವವರೆಗೂ ಎಲೆಅಡಿಕೆಯ ಚೀಲ ಕೈಯಿಂದ ಕೈಗೆ ಹೋಗುತ್ತಿತ್ತು. ಆಮೇಲೆ ಪಕ್ಕದಲ್ಲಿದ್ದ ದ್ಯಾಮವ್ವ ಅವಳ ಕೈ ಸವರಿದಳು.

“ನಂಗೆ ಅವತ್ತೇ ಗೊತ್ತಿತ್ತು ಬಿಡವ್ವ. ಅವ್ನು ಕೆಮ್ಮೋದು ನಮ್ಮ ಹಿತ್ಲಿಗೆ ಕೇಳ್ತಿತ್ತು. ನೀನು ಆ ಮನಿಗೆ ಹೋಗೋಕೆ ಮುಂಚೆನೇ.”

“ಹೌದೌದು, ಕಾರಿಂದ ಇಳಿಯೋವಾಗ್ಲೇ ತೂರಾಡ್ತಿದ್ದ” ಎಂದ ಗಿರಣಿಯವನು ಹಿಂದಿನ ಸೀಟಿನಿಂದ.

ಉಚ್ಚಂಗಮ್ಮ ಕೈ ಎಳೆದುಕೊಂಡಳು.

“ಗೊತ್ತಿತ್ತಾ?”

“ಗೊತ್ತಿದ್ರೂ ಸಾವ್ಕಾರ್ರ ಎದುರಿಗೆ ಹೆಂಗೆ ಹೇಳಾಕಾಗ್ತೈತೆ ಹೇಳು.”

ಅವಳು ತಿರುಗಿ ಇಡೀ ಟೆಂಪೊ ನೋಡಿದಳು. ಎಲೆಅಡಿಕೆ ಜಗಿಯುತ್ತಲೇ ಎಲ್ಲರೂ ತಲೆಯಾಡಿಸುತ್ತಿದ್ದರು. ಇಷ್ಟು ವರ್ಷ ಒಬ್ಬನ ಮೇಲಿನ ಸಿಟ್ಟನ್ನು ಹೊತ್ತು ಬಂದಿದ್ದಳು, ಅದು ಹೊರೆ ಅನ್ನಿಸಿರಲಿಲ್ಲ. ಇವರನ್ನೆಲ್ಲ ಎಲ್ಲಿ ನಿಲ್ಲಿಸಿ ನಾಲಿಗೆ ಎತ್ತಿಸುವುದು?

“ಗಾಡಿ ನಿಲ್ಸಪ್ಪ” ಎಂದಳು ಡ್ರೈವರಿಗೆ.

“ಇನ್ನೂ ಹರಿಹರ ಬಂದಿಲ್ವಲ್ಲಮ್ಮ.”

“ನಿಲ್ಸು.”

ರಸ್ತೆಯ ಪಕ್ಕ ಇಳಿದಳು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ದ್ಯಾಮವ್ವ ಕಿಟಕಿಯಿಂದ ತಲೆ ಹೊರಹಾಕಿ, “ಸೊಸೆಗೆ ಒಂಬತ್ತು ತುಂಬೈತೆ ಉಚ್ಚಂಗಿ, ನಾಳೆ ಬಂದು ನೋಡ್ತೀಯಲ್ಲ?” ಎಂದು ಕೂಗಿದಳು.

“ಸೊಸಿನ ನೋಡಾಕೆ ಬರ್ತೀನಿ” ಎಂದಳು ಉಚ್ಚಂಗಮ್ಮ. “ನೀನು ಮಾತ್ರ ಅವಾಗ ಒಳಗಿರು, ನನ್ನ ಕಣ್ಣಿಗೆ ಬೀಳಬ್ಯಾಡ.”