ಕಿಟ್ಟಣ್ಣನ ನಾಟಕ ಮೊಬೈಲಿಗೆ ಬಂದದ್ದು

ನನಗೆ ಮರೆವು ಬಂದಿದೆ ಅಂತ ಹೇಳುವವರು ಮೊದಲು ಬಾಯಿ ಮುಚ್ಚಿ. ನಿನ್ನೆ ತಿಂದ ಪಲ್ಯ ಯಾವುದು ಅಂತ ನಿಮಗೇ ನೆನಪಿಲ್ಲ, ನನ್ನ ತಲೆ ಪರೀಕ್ಷೆ ಮಾಡುತ್ತೀರಿ. ಕಳೆದ ಸಲ ನಾನು ಕಥೆ ಹೇಳಿದ್ದಕ್ಕೆ 'ಅಜ್ಜನಿಗೆ ಊರಿನ ಹೆಸರು ತಪ್ಪಿದೆ' ಅಂತ ಗ್ರೂಪಿಗೆ ಹಾಕಿದ್ದು ಯಾರೆಂದೂ ಗೊತ್ತುಂಟು. ಈ ಸಂಗತಿಯಲ್ಲಿ ನಾನೇ ಇದ್ದೆ. ಕಿಟ್ಟಣ್ಣನ ನಾಟಕಕ್ಕೆ ಮೈಕ್ ಕಟ್ಟುವವನು ನಾನು. ಸುಮ್ಮನೆ ಈ ವಾಯ್ಸ್ ಮೆಸೇಜ್ ಕೇಳಿ.

ಕೆದಂಬಾಡಿಯ ಕಿಟ್ಟಣ್ಣ ತುಳು ನಾಟಕದ ಹಾಸ್ಯಗಾರ. ತಂಡ ಅವನದ್ದೇ, ನಾಟಕ ಕಟ್ಟುವುದೂ ಅವನೇ. ವರ್ಷಕ್ಕೊಂದು ಹೊಸ ನಾಟಕ. ಅದನ್ನೇ ಊರೂರಲ್ಲಿ ಆಡಿ ಇಡೀ ತಂಡದ ಹೊಟ್ಟೆ ತುಂಬಬೇಕು. ಹಾಗಾಗಿ ಪರದೆ ಏಳುವ ಮೊದಲು ಮೈಕಿನಲ್ಲಿ ಹೇಳುವುದುಂಟು, ವಿಡಿಯೋ ಮಾಡಬೇಡಿ ಮಾರಾಯ್ರೆ ಅಂತ. ಹೋದ ವರ್ಷ ನಾಲ್ಕು ಕಡೆ ಆಡುವುದರೊಳಗೆ ಇಡೀ ನಾಟಕ ಇಂಟರ್ನೆಟ್ಟಿನ ಯಾವುದೋ ಚಾನೆಲಿನಲ್ಲಿ ಬಂದುಬಿಟ್ಟಿತು.

ವರ್ಷವೂ ನಾಟಕ ಕರೆಸುವ ಕಡಬದ ಸಂಘದವರು ಫೋನ್ ಮಾಡಿದರು. "ಕಿಟ್ಟಣ್ಣ, ಇಲ್ಲಿ ಎಲ್ಲರೂ ಮೊಬೈಲಲ್ಲಿ ನೋಡಿ ಆಯ್ತು. ಈ ಸಲ ಬೇಡ."

ಉಳಿದ ಊರಿನವರೂ ಹಾಗೆಯೇ ಹೇಳಿದರೆ ತಂಡ ಮುಚ್ಚುವುದೇ. ಕಿಟ್ಟಣ್ಣ ಊಟ ಬಿಟ್ಟು ಕೂತ. ನಾನು ಅವನನ್ನು ಎಬ್ಬಿಸಿ ಕಡಬದ ಔಸೇಪನ ಮನೆಗೆ ಕರೆದುಕೊಂಡು ಹೋದೆ. ಔಸೇಪ ರಬ್ಬರ್ ತೋಟದವನು. ಅವನ ಮಗಳು ಲಿನ್ಸಿ ಮನೆಯಲ್ಲೇ ಕೂತು ಒಂದು ಕಂಪನಿಗೆ ಕೆಲಸ ಮಾಡುತ್ತಾಳೆ. ಯಾರದಾದರೂ ಹಾಡು, ಸಿನಿಮಾ ಕದ್ದು ಹಾಕಿದರೆ ಅದನ್ನು ಹುಡುಕಿ ತೆಗೆಸುವ ಕಂಪನಿ.

"ಇವಳಿಗೆ ಇಡೀ ದಿನ ಕಳ್ಳರ ಸಹವಾಸ. ಅದಕ್ಕೆ ಸಂಬಳ ಬೇರೆ" ಎಂದ ಔಸೇಪ.

ಲಿನ್ಸಿ ಕಿಟ್ಟಣ್ಣನ ಪರವಾಗಿ ದೂರು ಹಾಕಿದಳು. ಚಾನೆಲಿನವನು ತಿರುಗಿ ಬರೆದ, ಇದು ನಮ್ಮದೇ ತಂಡದ ನಾಟಕ ಅಂತ. ಎಷ್ಟು ಧೈರ್ಯ ನೋಡಿ.

"ಕಿಟ್ಟಣ್ಣ, ನಿಮ್ಮ ಹತ್ರ ಇರುವ ಒರಿಜಿನಲ್ ರೆಕಾರ್ಡಿಂಗ್ ಕೊಡಿ. ಎರಡನ್ನೂ ಹೋಲಿಸಿ ತೋರಿಸ್ತೇನೆ."

"ನಾನು ಎಲ್ಲಿ ರೆಕಾರ್ಡಿಂಗ್ ಮಾಡಿದ್ದೇನೆ ಮಾರಾಯ್ತಿ? ಒರಿಜಿನಲ್ ಇರುದು ಕಳ್ಳನ ಹತ್ರ ಮಾತ್ರ."

"ಬರೆದದ್ದಾದರೂ?"

"ಅರ್ಧ ಬರೆದದ್ದು. ಅರ್ಧ ಸ್ಟೇಜಿನಲ್ಲಿ ಬಾಯಿಗೆ ಬಂದದ್ದು."

ಲಿನ್ಸಿ ತಲೆ ತುರಿಸಿಕೊಂಡಳು. "ಸಿನಿಮಾ ಆದರೆ ಒಂದೊಂದು ಥಿಯೇಟರಿಗೆ ಒಂದೊಂದು ಕಾಣದ ಗುರುತು ಹಾಕಿ ಕಳಿಸ್ತಾರೆ. ಎಲ್ಲಿ ಕದ್ದದ್ದು ಅಂತ ಕೂಡಲೇ ಗೊತ್ತಾಗ್ತದೆ. ನಾಟಕಕ್ಕೆ ಎಂತ ಮಾಡುದು?"

ಹಾಗೆ ಹೇಳುತ್ತಲೇ ವಿಡಿಯೋ ಮತ್ತೊಮ್ಮೆ ಹಾಕಿದಳು. ಅದರಲ್ಲಿ ಕಿಟ್ಟಣ್ಣ ಹೇಳುತ್ತಿದ್ದ: "ಬೇರೆಯವರ ತೋಟಕ್ಕೆ ಆನೆ ಬೇಲಿ ಮುರಿದು ಬರ್ತದೆ. ಚನಿಯಪ್ಪಣ್ಣನಲ್ಲಿಗೆ ಮಾತ್ರ ಗೇಟು ತೆಗೆದು ಬರ್ತದೆ. ಮರ್ಯಾದಸ್ಥರ ಮನೆ ಅಲ್ವಾ." ಜನ ಬಿದ್ದು ಬಿದ್ದು ನಗುತ್ತಿದ್ದರು.

"ಕಡಬದಲ್ಲಿ ಆಡಿದ್ದರೆ ಅಲ್ಲಿ ಯಾರ ಹೆಸರು?" ಔಸೇಪ ಕೇಳಿದ.

"ನಿನ್ನದೇ."

ಲಿನ್ಸಿ ವಿಡಿಯೋ ನಿಲ್ಲಿಸಿದಳು. "ಊರೂರಿಗೆ ಹೆಸರು ಬದಲಾಗ್ತದಾ?"

"ಮತ್ತೆ? ತಮ್ಮ ಊರಿನವನ ಹೆಸರು ಬಾರದೆ ಯಾರು ನಗ್ತಾರೆ?"

"ಹಾಗಾದರೆ ಗುರುತು ಉಂಟಲ್ಲ ಕಿಟ್ಟಣ್ಣ. ನೀವೇ ಹಾಕಿದ್ದೀರಿ."

ಚನಿಯಪ್ಪ ಎಂದರೆ ಗುತ್ತಿಗಾರಿನ ಸಂಘದ ಅಧ್ಯಕ್ಷ. ಅಂದರೆ ವಿಡಿಯೋ ಆದದ್ದು ಗುತ್ತಿಗಾರಿನಲ್ಲಿ. ಮರುದಿನವೇ ಜೀಪು ಹತ್ತಿದೆವು. ವಿಷಯ ಹೇಳಿದ್ದೇ ಮನುಷ್ಯನ ಮುಖ ಇಳಿಯಿತು.

"ವಿಡಿಯೋ ತೆಗೆದದ್ದು ನಾನೇ ಕಿಟ್ಟಣ್ಣ. ಮಗಳು ಮೋಕ್ಷಿತಾ ಗಂಡನ ಮನೆಯಲ್ಲಿದ್ದಾಳೆ, ಅವಳಿಗೆ ತೋರಿಸ್ಲಿಕ್ಕೆ. ನೀವು ನನ್ನ ಹೆಸರು ಹೇಳ್ತೀರಿ ಅಂತ ಗೊತ್ತಿತ್ತು. ಯಾವಾಗ ಹೇಳ್ತೀರಿ ಅಂತ ಗೊತ್ತಿರ್ಲಿಲ್ಲ. ಹಾಗೆ ಇಡೀ ನಾಟಕ ತೆಗೆದೆ."

ಒಳಗಿನಿಂದ ಹೆಂಡತಿ ಸೇವಂತಿ ಕೇಳಿದಳು, "ಮಗಳಿಗೆ ಮಾತ್ರವಾ ಕಳಿಸಿದ್ದು? ಕುಟುಂಬದ ಗ್ರೂಪು, ಹಾಲಿನ ಸೊಸೈಟಿ ಗ್ರೂಪು, ಎಲ್ಲ ಯಾರು ಹೇಳುದು?"

ಆ ಗ್ರೂಪುಗಳಿಂದಲೇ ಅದು ಚಾನೆಲಿನವನ ಕೈಗೆ ಹೋದದ್ದು. ಕಿಟ್ಟಣ್ಣ ಬೈಯುತ್ತಾನೆ ಅಂತ ನಾನು ಕಾದೆ. "ಮೊದಲ ಸೀನಿನಲ್ಲೇ ನಿಮ್ಮ ಹೆಸರು ಹೇಳಿ ಮುಗಿಸಬೇಕಿತ್ತು" ಎಂದ, ಅಷ್ಟೇ.

ಚನಿಯಪ್ಪ ತನ್ನ ಫೋನಿನಲ್ಲಿದ್ದ ಮೂಲ ವಿಡಿಯೋವನ್ನೂ, ತಾನೇ ತೆಗೆದದ್ದು ಅಂತ ಒಂದು ಬರಹವನ್ನೂ ಕೊಟ್ಟ. ಅದನ್ನು ಕಂಪನಿ ಮೂಲಕ ಕಳಿಸಿದ ಮೇಲೆ ಚಾನೆಲಿನಿಂದ ನಾಟಕ ಹೋಯಿತು. ಆದರೆ ಫೋನಿನಿಂದ ಫೋನಿಗೆ ಹೋದದ್ದು ಯಾವ ಕಂಪನಿಯ ಕೈಗೂ ಸಿಗುವುದಿಲ್ಲ ಅಂತ ಲಿನ್ಸಿ ಮುಚ್ಚುಮರೆ ಇಲ್ಲದೆ ಹೇಳಿದಳು. ಕಡಬದವರು ನೋಡಿ ಆಗಿದೆಯಲ್ಲ, ಅದನ್ನು ಯಾರು ಅಳಿಸುವುದು?

ಚನಿಯಪ್ಪನಿಗೆ ಅದು ಮನಸ್ಸಿಗೆ ತಾಗಿತು. ಕಡಬಕ್ಕೆ ತಾನೇ ಫೋನ್ ಮಾಡಿದ. "ನೀವು ನೋಡಿದ್ದು ಗುತ್ತಿಗಾರಿನ ನಾಟಕ ಮಾರಾಯ್ರೆ. ಅದರಲ್ಲಿ ಮಾನ ಹೋದದ್ದು ನನ್ನದು. ನಿಮ್ಮದು ಇನ್ನು ಹೋಗ್ಬೇಕಷ್ಟೆ. ಕರೆಸಿ ನೋಡಿ."

ಕರೆಸಿದರು. ಮೈದಾನದಲ್ಲಿ ಕುರ್ಚಿ ಸಾಲದೆ ಜನ ನಿಂತು ನೋಡಿದರು. ಪರದೆ ಏಳುವ ಮೊದಲು ಕಿಟ್ಟಣ್ಣ ಮೈಕಿನಲ್ಲಿ ಹೊಸ ಮಾತೊಂದು ಸೇರಿಸಿದ: "ನಿಮ್ಮ ಹೆಸರು ಬರುವ ತುಂಡನ್ನು ನಾವೇ ವಿಡಿಯೋ ತೆಗೆದು ನಿಮಗೆ ಕಳಿಸ್ತೇವೆ. ಮೊಬೈಲು ಕಿಸೆಯಲ್ಲೇ ಇರಲಿ."

ಈಗ ಪುನಃ ನಾಟಕದ ಸಮಯ ಬಂತು. ನಿಮ್ಮ ನಿಮ್ಮ ಊರಿನ ಸಂಘದವರಿಗೆಲ್ಲ ಈ ವಾಯ್ಸ್ ದಾಟಿಸಿಬಿಡಿ. ಇದನ್ನು ಕಳಿಸಿದರೆ ಯಾವ ಕಂಪನಿಯವರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನಾನು ಜವಾಬ್ದಾರಿ.