ತಲೆಕೆಳಗಾದ ಕಸಿ

ಕೃಷಿ ಪಾಠ ಮಾಡುವವರಿಗೆ ಮಕ್ಕಳಿಟ್ಟ ಹೆಸರು ಗೊಬ್ಬರ ಮೇಷ್ಟ್ರು. ಗೊತ್ತಿದ್ದೂ ಸಿಟ್ಟಾಗದ ಪುಣ್ಯಾತ್ಮ. ಈ ಸಲ ಹತ್ತನೇ ತರಗತಿಯವರೆಲ್ಲ ಒಂದೊಂದು ಮಾವಿನ ಸಸಿಗೆ ಕಸಿ ಕಟ್ಟಬೇಕು, ಅದಕ್ಕೆ ಕೂಡಿಸುವ ಕಡ್ಡಿ ಮಾತ್ರ ಮನೆಯ ಮರದಿಂದಲೇ ತರಬೇಕು ಎಂದರು. “ಗೊರಟೆ ನೆಟ್ರೆ ಅದೇ ರುಚಿ ಬರುತ್ತೆ ಅಂತಿಲ್ಲ. ಕಸಿ ಕಟ್ಟಿದ್ರೆ ಅದೇ ಮರ, ಬೇರು ಮಾತ್ರ ಬೇರೆ.”

ಪಾಠದಲ್ಲಿ ಅದೇ ತರಗತಿಯ ಮೂಗಿಯ ಕಿವಿಗೆ ಬಿದ್ದದ್ದು ಇಷ್ಟೇ. ಅವಳೇನೂ ಹುಟ್ಟುಮೂಗಿಯಲ್ಲ. ಅಣ್ಣ ಹಿತ್ತಲಿನ ಮಾವಿನ ಮರದಿಂದ ಬಿದ್ದು ತೀರಿಕೊಂಡ ಮೇಲೆ ಅವಳು ಮಾತಾಡುವುದೇ ಅಪರೂಪವಾಗಿತ್ತು, ಈ ಹೆಸರು ಅಂಟಿಕೊಂಡಿತು. ಅಳುವೂ ಬಂದಿರಲಿಲ್ಲ. ನೆಂಟರು ‘ಕಲ್ಲೆದೆ’ ಎಂದು ಪಿಸುಗುಟ್ಟಿ, ಹೊಟ್ಟೆ ತುಂಬ ಉಂಡು ಹೋದರು. ಎದೆ ಕಲ್ಲೋ ಮಣ್ಣೋ ಅವಳಿಗೇ ತಿಳಿಯುತ್ತಿರಲಿಲ್ಲ.

ಆ ಮರದ ಗೊರಟೆ ನೆಟ್ಟವನೂ ಅಣ್ಣನೇ. ಅಂಥದ್ದು ಇನ್ನೊಂದಿಲ್ಲ. ಅಮ್ಮ ಅದನ್ನು ಕಡಿಸಲು ಹೊರಟಿದ್ದಳು.

“ಒಂದು ಕಸಿ ಕಟ್ಕೋತೀನಮ್ಮ. ಆಮೇಲೆ ಕಡ್ಸು.”

“ಕಸಿಯಂತೆ ಕಸಿ. ನನ್ನಿಂದ ಕಸ್ಕೊಂಡಿದ್ದು ಸಾಲ್ದಾ ಅದಕ್ಕೆ?”

ಆದರೂ ಕಡ್ಡಿ ಕೀಳುವಾಗ ಅಮ್ಮ ತಡೆಯಲಿಲ್ಲ.

ಶಾಲೆಯ ಹಿಂದಿನ ಶೆಡ್ಡಿನಲ್ಲಿ ಮೂಗಿ ಸಸಿಯ ತಲೆ ಕತ್ತರಿಸಿ ಸೀಳಿದಳು. ಕಡ್ಡಿಯನ್ನು ಚೂಪಾಗಿ ಕೆತ್ತಿ, ಸೀಳಿಗೆ ತೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದಳು. ಪಟ್ಟಿ ಕೆಂಪಾಗಿತ್ತು.

“ಬೆರಳು ಕೊಯ್ಕೊಂಡಿದ್ದೀಯಲ್ಲಮ್ಮ! ನೋವಾಗ್ಲಿಲ್ವಾ?”

“ಇಲ್ಲ ಸಾರ್.”

ಅದು ನಿಜವೇ ಆಗಿತ್ತು. ಮೇಷ್ಟ್ರು ಗಾಯ ನೋಡುವ ಗಡಿಬಿಡಿಯಲ್ಲಿ ಕಸಿ ನೋಡಲಿಲ್ಲ.

ಉಳಿದವರ ಕಡ್ಡಿಗಳು ಒಂದೊಂದಾಗಿ ಚಿಗುರಿದವು. ತರಗತಿಯ ಮಹಾ ಸೋಮಾರಿಯದೂ ಚಿಗುರಿತು. ಮೂಗಿಯದು ಕಪ್ಪಾಯಿತು. ಮೇಷ್ಟ್ರು ಪಟ್ಟಿ ಬಿಚ್ಚಿ ನೋಡಿ ನಿಟ್ಟುಸಿರುಬಿಟ್ಟರು.

“ತುದೀನ ಕೆತ್ತಿ ಒಳಗೆ ಇಟ್ಟಿದ್ದೀಯ, ಬುಡ ಮೇಲಿದೆ. ತಲೆಕೆಳಗೆ ಕಟ್ಟಿದ್ರೆ ಹಿಡಿಯಲ್ಲಮ್ಮ. ಹೋಗ್ಲಿ, ಈ ಹೊಸ ಸಸಿ, ಚಾಕು ತಗೋ. ಮರದಿಂದ ಇನ್ನೊಂದು ಕಡ್ಡಿ ಕಿತ್ಕೊಂಡು ಮನೇಲೇ ಕಟ್ಟು.”

ಆದರೆ ಮರ ಕಡಿಯುವವನು ಅಂದು ಬೆಳಿಗ್ಗೆಯೇ ಮನೆಗೆ ಬಂದಿದ್ದ. ಮೂಗಿ ಸಸಿಯನ್ನೂ ಚಾಕುವನ್ನೂ ತೆಗೆದುಕೊಂಡು ಮನೆಗೆ ನಡೆದಳು. ದುಃಖವಾಗಬೇಕಿತ್ತು ಎಂದು ತಿಳಿಯಿತು, ಆಗಲಿಲ್ಲ.

ಹಿತ್ತಲಿನಲ್ಲಿ ಅಷ್ಟಗಲ ಆಕಾಶ ತೆರೆದುಕೊಂಡಿತ್ತು. ಅಮ್ಮ ಮರದ ಮೋಟಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಒದ್ದೆ ಬಟ್ಟೆ, ಅದರೊಳಗೆ ಒಂದು ಹಿಡಿ ಕಡ್ಡಿ.

“ಅವನು ಮೊದಲ ಕೊಡಲಿ ಏಟು ಹಾಕಿದಾಗ ತಡ್ಕೊಳ್ಳಕ್ಕಾಗ್ಲಿಲ್ಲ ಕಣೆ,” ಎಂದಳು ಅಮ್ಮ. “ಇಷ್ಟಾದ್ರೂ ಇರ್ಲಿ ಅಂತ ಕಿತ್ಕೊಂಡೆ. ಕಟ್ಟೋದು ನಂಗೂ ತೋರ್ಸು.”

“ಇದು ಬುಡ,” ಎಂದಳು ಮೂಗಿ. “ಇದು ತುದಿ. ತುದಿ ಮೇಲಿರ್ಬೇಕು.”

ಮಗಳು ಹಿಡಿದ ಕಡ್ಡಿಯ ಬುಡವನ್ನು ಅಮ್ಮ ಕೆತ್ತತೊಡಗಿದಳು. ಚಾಕು ಜಾರಿ ಮಗಳ ಬೆರಳಿಗೆ ತಾಗಿತು.

“ಅಮ್ಮಾ, ನೋವಾಗ್ತಿದೆ.”

ಗಾಯ ಕೂದಲೆಳೆಯಷ್ಟು. ಆದರೂ ಮೂಗಿ ಕತ್ತಲಾಗುವವರೆಗೆ ಬಾಯಿಬಿಟ್ಟು ಅತ್ತಳು. ಅಮ್ಮ ಒಂದು ಕೈಯಲ್ಲಿ ಅವಳನ್ನು ತಬ್ಬಿಕೊಂಡು, ಇನ್ನೊಂದರಲ್ಲಿ ಕಡ್ಡಿಯನ್ನು ತುದಿ ಮೇಲಾಗಿಯೇ ಹಿಡಿದುಕೊಂಡಿದ್ದಳು.