ನಾಲ್ಕು ಬೆರಳು ಹೆಚ್ಚು

ಕಿಟಕಿಯ ಅಗಲವನ್ನು ಮೂರು ಕಡೆ ಅಳೆಯಬೇಕು: ಮೇಲೆ, ನಡುವೆ, ಕೆಳಗೆ. ಮೂರರಲ್ಲಿ ಅತಿ ಚಿಕ್ಕದನ್ನು ಬರೆದುಕೊಳ್ಳಬೇಕು. ಗೋಡೆ ಕಟ್ಟಿದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಮೂರು ಸಂಖ್ಯೆಗಳು ಒಂದೇ ಆಗಿರುವುದಿಲ್ಲ. ಕಿಟಕಿಗೆ ಸುರುಳಿ ಪರದೆ ಹಾಕುವ ರೋಲರ್ ಬ್ಲೈಂಡ್ ಅಂಗಡಿ ನನ್ನ ಮಗಳದು, ಅಳತೆ ನನ್ನದು. ಮೂವತ್ತೆಂಟು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನಿಗೆ ನಿವೃತ್ತಿಯ ನಂತರ ಇದಕ್ಕಿಂತ ಗೌರವದ ಕೆಲಸ ಸಿಗಲಾರದು.

ಆದರೆ ಹೋದ ತಿಂಗಳು ನಾನು ಬರೆದ ಒಂದು ಎಂಬ ಅಂಕಿಯನ್ನು ಕಾರ್ಖಾನೆಯವರು ಏಳು ಎಂದು ಓದಿಕೊಂಡರು. ನೂರ ಹತ್ತು ನೂರ ಎಪ್ಪತ್ತಾಯಿತು; ಅಡುಗೆಮನೆಯ ಕಿಟಕಿಗೆ ಸಭಾಂಗಣದ ಪರದೆ ಬಂತು. ತಪ್ಪು ಓದಿದವರದು ಎಂಬುದು ಇಂದಿಗೂ ನನ್ನ ಅಭಿಪ್ರಾಯ.

“ಓದಿದವರದ್ದೋ ಬರೆದವರದ್ದೋ, ಇನ್ನೊಂದ್ಸಲ ಹೀಗಾದ್ರೆ ಟೇಪ್ ನನಗೆ ಕೊಟ್ಟು ಮನೇಲಿ ಆರಾಮಾಗಿರಿ ಅಪ್ಪ,” ಎಂದಳು ಮಗಳು.

ಆರಾಮಾಗಿರುವುದೆಂದರೆ ಏನು ಮಾಡುವುದೆಂದು ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಇಷ್ಟಾದ ಮೇಲೆ ನಾನು ಅಳತೆಗೆ ಹೋದದ್ದು ಟೈಲರಮ್ಮನ ಮನೆಗೆ. ಮೇಲಿನ ಮಹಡಿ, ಇಪ್ಪತ್ತೆರಡು ಮೆಟ್ಟಿಲು. ಪಡುವಣಕ್ಕೆ ಒಂದೇ ಅಳತೆಯ ಮೂರು ಕಿಟಕಿಗಳು. ಅವುಗಳ ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಸಂಜೆಯ ಬಿಸಿಲಿಗೆ ಗಿರಾಕಿಗಳ ಬಟ್ಟೆ ಬಣ್ಣಗೆಡುತ್ತದೆಂದು ಪರದೆ ಬೇಕಿತ್ತು. ಮನೆಯಲ್ಲಿ ಆಕೆ ಒಬ್ಬರೇ. ವಯಸ್ಸು ನನ್ನಷ್ಟೇ ಇರಬಹುದು, ಎರಡು ವರ್ಷ ಕಳೆದರೂ ತಪ್ಪಾಗದು. ಕೊರಳಲ್ಲಿ ಬಟ್ಟೆಯ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಸೂಜಿಯನ್ನು ತೆಗೆಯದೆಯೇ ಮಾತನಾಡುವ ವಿದ್ಯೆ ಆಕೆಗೆ ಸಿದ್ಧಿಸಿತ್ತು.

“ಪಕ್ಕದಲ್ಲಿ ಸಂದಿ ಬಿಡಲ್ಲ ತಾನೆ ಮೇಷ್ಟ್ರೇ? ಎದುರು ಮನೇಲಿ ನೋಡಿದೀನಿ. ಆಚೆ ಒಂದು ಬೆರಳು ಬಿಸಿಲು, ಈಚೆ ಒಂದು ಬೆರಳು ಬಿಸಿಲು.”

“ಅದು ಬಿಟ್ಟೇ ಬಿಡುತ್ತೆ. ಪರದೆ ಚೌಕಟ್ಟಿನ ಒಳಗೆ ಕೂರಬೇಕಲ್ಲ. ಎರಡೂ ಕೊನೆ ಹಿಡಿಯೋ ಬ್ರ್ಯಾಕೆಟ್ಟಿಗೆ ಅಂತ ಕಾರ್ಖಾನೆಯವರು ಬಟ್ಟೆ ಅಗಲದಲ್ಲಿ ಮೂರೂವರೆ ಸೆಂಟಿಮೀಟರ್ ಕಳೀತಾರೆ.”

“ಕಳೀತಾರೆ,” ಎಂದರು ಆಕೆ, ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ.

ನಾನು ಏಣಿ ಹತ್ತಿದೆ.

“ನೀವು ಮೇಲೆ, ಪುಸ್ತಕ ಕೆಳಗೆ. ಎಷ್ಟು ಸಲ ಹತ್ತಿ ಇಳೀತೀರ? ಹೇಳ್ತಾ ಹೋಗಿ, ನಾನು ಬರ್ಕೋತೀನಿ.”

ನನ್ನ ಅಳತೆ ಪುಸ್ತಕವನ್ನು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ. ಕೊಟ್ಟೆ. ಅಗಲ ನೂರ ಹದಿನೆಂಟು ಎಂದು ಕೂಗಿದೆ, ಎತ್ತರ ಕೂಗಿದೆ. ಮೂರನೆಯ ಕಿಟಕಿಗೆ ಬರುವಷ್ಟರಲ್ಲಿ ಕೆಳಗಿನಿಂದ ಮಾತು ಕೇಳಿಸಿತು.

“ಮೇಷ್ಟ್ರೇ, ನಿಮ್ಮ ಎಡಭುಜ ಬಲಕ್ಕಿಂತ ಒಂದು ಸೆಂಟಿಮೀಟರ್ ಕೆಳಗಿದೆ.”

“ಏನಂದ್ರಿ?”

“ಅದಕ್ಕೇ ಅಂಗಿ ಒಂದು ಕಡೆ ಎಳೀತಿರೋದು. ಹೊಲಿದವನು ನಿಮ್ಮನ್ನ ಸರಿಯಾಗಿ ನೋಡೇ ಇಲ್ಲ.”

ನನ್ನನ್ನು ಯಾರಾದರೂ ಸರಿಯಾಗಿ ನೋಡಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿದೆ. ನನ್ನವಳು ತೀರಿಕೊಂಡು ಹನ್ನೊಂದು ವರ್ಷ. ಏಣಿ ಸ್ವಲ್ಪ ಅಲುಗಿತು. ಬರೆದುದನ್ನು ಮತ್ತೊಮ್ಮೆ ಓದಿಸಿ, ಮತ್ತೊಮ್ಮೆ ಅಳೆದು ತಾಳೆ ನೋಡುವುದು ನನ್ನ ಪದ್ಧತಿ. ಅಂದು ಪುಸ್ತಕವನ್ನು ಜೇಬಿಗಿಳಿಸಿ ಹೊರಟುಬಂದೆ. ಹತ್ತುವಾಗ ಇಪ್ಪತ್ತೆರಡಿದ್ದ ಮೆಟ್ಟಿಲುಗಳು ಇಳಿಯುವಾಗ ಇಪ್ಪತ್ತೊಂದಾದವು. ಬಹುಶಃ ಒಂದನ್ನು ಹಾರಿದ್ದೆ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ನೆಲದಿಂದ ಎರಡೂ ಭುಜಗಳಿಗೆ ಸ್ಟೀಲ್ ಟೇಪು ಹಿಡಿದೆ. ವ್ಯತ್ಯಾಸ ಒಂದು ಸೆಂಟಿಮೀಟರು. ಆಕೆ ಅದನ್ನು ಬರಿಗಣ್ಣಿನಲ್ಲಿ ಹೇಳಿದ್ದರು. ಅದೇ ಗುಂಗಿನಲ್ಲಿ ಪುಸ್ತಕದ ಪುಟವನ್ನು ಫೋಟೋ ತೆಗೆದು ಕಾರ್ಖಾನೆಗೆ ಕಳಿಸಿದೆ.

ಹನ್ನೆರಡು ದಿನಕ್ಕೆ ಪರದೆಗಳು ಬಂದವು. ಟೈಲರಮ್ಮನ ಮನೆಯಲ್ಲಿ ಮಗಳು ಡ್ರಿಲ್ ಹಿಡಿದು ಏಣಿ ಹತ್ತಿದಳು. ನಾನು ಮೊದಲ ಪರದೆಯನ್ನು ಎತ್ತಿಕೊಟ್ಟೆ. ಅದು ಚೌಕಟ್ಟಿನೊಳಗೆ ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ. ಮೂರನೆಯದನ್ನು ಅವಳು ಎತ್ತಿಯೂ ನೋಡಲಿಲ್ಲ.

“ಎಷ್ಟು ಬರೆದಿದ್ರಿ ಅಪ್ಪ?”

ಪುಸ್ತಕ ತೆರೆದೆ. ನೂರ ಇಪ್ಪತ್ತೈದು ಎಂದಿತ್ತು, ಮೂರು ಸಲ, ನನ್ನದಲ್ಲದ ಅಂದವಾದ ಅಕ್ಷರದಲ್ಲಿ. ಟೈಲರಮ್ಮ ಒಳಗೆ ಚಹಾಕ್ಕೆ ನೀರಿಡುತ್ತಿದ್ದರು.

“ತಪ್ಪು ನನ್ನದು,” ಎಂದೆ. ಈ ವಾಕ್ಯವನ್ನು ಜೀವನದಲ್ಲಿ ಮೊದಲ ಬಾರಿ ಬಳಸಿದ್ದರಿಂದ ಧ್ವನಿ ಸ್ವಲ್ಪ ಕೀರಲಾಗಿ ಬಂತು.

ಮಗಳು ಏಣಿಯ ಮೇಲಿನಿಂದ ಕೈ ಚಾಚಿದಳು. ನಾನು ಟೇಪು ಕೊಟ್ಟೆ. ಅಷ್ಟರಲ್ಲಿ ಟೈಲರಮ್ಮ ಲೋಟಗಳೊಂದಿಗೆ ಬಂದರು.

“ಯಾಕೆ, ಏನಾಯ್ತು?”

“ಅಳತೆ ದೊಡ್ಡದಾಗಿದೆ ಆಂಟಿ. ಅಪ್ಪ ತಪ್ಪು ಬರ್ಕೊಂಡಿದ್ದಾರೆ.”

“ದೊಡ್ಡದಾಗೇ ಇರ್ಬೇಕಲ್ಲ. ನಾನೇ ನಾಲ್ಕು ಬೆರಳು ಸೇರಿಸಿ ಬರ್ದಿದ್ದೆ. ಅಗಲಕ್ಕೂ, ಎತ್ತರಕ್ಕೂ.”

ನಾನು ಪುಸ್ತಕವನ್ನು ಮುಚ್ಚಿದೆ.

“ಯಾಕೆ?” ಎಂದೆ.

“ಮೈ ಅಳತೆ ಎಷ್ಟಿದೆಯೋ ಅಷ್ಟಕ್ಕೇ ಯಾರು ಹೊಲೀತಾರೆ ಮೇಷ್ಟ್ರೇ? ಉಸಿರಾಡೋದು ಬೇಡ್ವ?”

“ಕಿಟಕಿ ಉಸಿರಾಡಲ್ಲ.”

“ಮತ್ಯಾಕೆ ಇಡ್ತಾರೆ ಕಿಟಕೀನ?”

ಮಗಳು ಏಣಿಯ ಮೇಲೆಯೇ ಕುಳಿತುಬಿಟ್ಟಳು. ಅವಳ ಭುಜಗಳು ಕುಣಿಯತೊಡಗಿದವು. ಕೈ ತಾಗಿ ಡ್ರಿಲ್ಲಿನ ಗುಂಡಿ ಅದುಮಿಕೊಂಡು ಅದೂ ಗುರ್ರೆಂದಿತು. ನನಗೂ ನಗು ಉಕ್ಕಿಬಂತು. ತಡೆದೆ. ತಡೆಯಲಾಗಲಿಲ್ಲ. ಆಗಷ್ಟೇ ಕೈಗೆತ್ತಿಕೊಂಡಿದ್ದ ಲೋಟದ ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು. ಟೈಲರಮ್ಮ, ತಾವು ಹೇಳಿದ್ದರಲ್ಲಿ ತಮಾಷೆ ಏನಿದೆಯೆಂದು ತಿಳಿಯದೆ, ನಮಗಿಂತ ಜೋರಾಗಿ ನಗತೊಡಗಿದರು.

ನಗುವಾಗಲೂ ತಲೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ನೂರ ಇಪ್ಪತ್ತೈದರಲ್ಲಿ ಮೂರೂವರೆ ಕಳೆದರೆ ಬಟ್ಟೆಯ ಅಗಲ ನೂರ ಇಪ್ಪತ್ತೊಂದೂವರೆ. ಕಿಟಕಿ ನೂರ ಹದಿನೆಂಟು. ಬಟ್ಟೆ ಹೆಚ್ಚಿರುವುದು ಮೂರೂವರೆ; ಅರ್ಧ ಮಾಡಿದರೆ ಒಂದೂಮುಕ್ಕಾಲು. ನಾಲ್ಕು ಬೆರಳಿಗೆ ಏಳಾದರೆ, ಒಂದೂಮುಕ್ಕಾಲು ಎಂದರೆ ಸರಿಯಾಗಿ ಒಂದು ಬೆರಳು.

“ಇಳೀಬೇಡ,” ಎಂದೆ ಮಗಳಿಗೆ. “ಚೌಕಟ್ಟಿನ ಒಳಗೆ ಬೇಡ. ಹೊರಗೆ, ಗೋಡೆಗೆ ಬ್ರ್ಯಾಕೆಟ್ ಹೊಡಿ. ಆಚೆ ಒಂದು ಬೆರಳು ಬಟ್ಟೆ, ಈಚೆ ಒಂದು ಬೆರಳು ಬಟ್ಟೆ. ಸಂದೀನೇ ಇರಲ್ಲ.”

“ಅದನ್ನೇ ತಾನೆ ನಾನು ಮೊದಲಿಂದ ಕೇಳಿದ್ದು,” ಎಂದರು ಟೈಲರಮ್ಮ.

ಮೂರೂ ಪರದೆಗಳು ಇಳಿದಾಗ ಕೋಣೆಗೆ ಎಲ್ಲಿಂದಲೂ ಒಂದು ಗೆರೆ ಬೆಳಕೂ ಬರಲಿಲ್ಲ. ಮಗಳು ದೀಪ ಹಾಕಿ, ನನ್ನನ್ನು ನೋಡಿ, ಟೇಪನ್ನು ನನ್ನ ಕೈಯಲ್ಲಿಟ್ಟಳು.

“ಅಪ್ಪ, ಕಿವಿ ಕೆಂಪಗಾಗಿದೆ.”

“ಪಡುವಣ ಬಿಸಿಲು,” ಎಂದೆ.

“ಹೌದು ಹೌದು,” ಎಂದು ಅವಳು ಏಣಿ ಹೊತ್ತು, ತಿರುಗಿ ನೋಡದೆ ಮೆಟ್ಟಿಲಿಳಿದಳು.

“ಆ ಅಂಗಿ ಇನ್ನು ಕೆಲಸಕ್ಕೆ ಬರಲ್ಲ. ನಿಂತ್ಕೊಳ್ಳಿ,” ಎಂದು ಟೈಲರಮ್ಮ ಕೊರಳಿನ ಟೇಪು ತೆಗೆದರು. ಎದೆಯ ಸುತ್ತಳತೆಯನ್ನು ಮೂರು ಸಲ ತೆಗೆದರು. ತೊಂಬತ್ತೊಂದು, ತೊಂಬತ್ತಮೂರು, ತೊಂಬತ್ತನಾಲ್ಕು.

“ಉಸಿರು ಹಿಡ್ಕೋಬೇಡಿ ಮೇಷ್ಟ್ರೇ.”

“ಮೂರರಲ್ಲಿ ಚಿಕ್ಕದನ್ನ ಬರ್ಕೋಬೇಕು,” ಎಂದೆ.

“ಅದು ಕಿಟಕಿಗೆ.”

ಆಕೆ ನನ್ನ ಪುಸ್ತಕವನ್ನು ಕೇಳದೆಯೇ ತೆಗೆದುಕೊಂಡು ಬರೆದರು. ಈ ಸಲ ನಾನು ತಾಳೆ ನೋಡಿದೆ. ನೂರ ಒಂದು ಎಂದಿತ್ತು. ತೊಂಬತ್ತನಾಲ್ಕು, ಮೇಲೆ ನಾಲ್ಕು ಬೆರಳು. ಕೂಡಿದೆ. ಸರಿಯಾಗಿತ್ತು.